ಬಾಡಿಗೆಯ ಮನೆಗೆ ಸ್ವಂತ ಕಾಸು

ಕೆಲವು ತಿಂಗಳ ಹಿಂದೆ ನಮ್ಮ ವಾಚನಾಲಯಕ್ಕೆ ಒಬ್ಬ ಸೋದರರು ಬಂದರು. ಡೊಂಬಿವಿಲಿಯಲ್ಲಿ ವಾಸ, ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಎಂದಿನಂತೆ ಪತ್ರಿಕೆ ಓದಲು ಬಂದವರಲ್ಲ. ಕೈಯಲ್ಲಿ ಒಂದು ಚೀಲ. ಚೀಲದ ತುಂಬ ಗಾರೆಯವನ, ನಲ್ಲಿಯವನ, ಕಲ್ಲಿನ ಅಂಗಡಿಯವನ ಚೀಟಿಗಳು. ಹನ್ನೊಂದು ತಿಂಗಳ ಕರಾರಿನ ಮೇಲೆ ಹಿಡಿದ ಮನೆಗೆ ಅವರು ತಮ್ಮ ಕೈಯಿಂದ ೪೨,೦೦೦ ರೂಪಾಯಿ ಹಾಕಿದ್ದರು. ಅಡಿಗೆಮನೆಗೆ ಕಪ್ಪು ಕಲ್ಲಿನ ಕಟ್ಟೆ, ಬಚ್ಚಲಿಗೆ ಹೊಸ ನೆಲ, ಕಿಟಕಿಗೆ ಕಬ್ಬಿಣದ ಜಾಲಿ. "ಮಾಡಿಸಿಕೊಳ್ಳಿ, ಆಮೇಲೆ ನೋಡೋಣ" ಎಂದು ಮಾಲಿಕರು ಅಂದಿದ್ದರಂತೆ. ಎರಡನೆಯ ಕರಾರು ಮುಗಿಯುತ್ತಲೇ ಮಾಲಿಕರಿಗೆ ಆ ಮನೆ ಬೇಕಾಯಿತು. ಡಿಪಾಜಿಟ್ಟನ್ನು ಹಿಂದಕ್ಕೆ ಕೊಡುವಾಗ ಬಣ್ಣದ ಖರ್ಚೆಂದು ೬,೦೦೦ ರೂಪಾಯಿ ಮುರಿದುಕೊಳ್ಳುವುದಾಗಿಯೂ ತಿಳಿಸಿದರು.

"ಮನೆ ಅವರದು, ಕಟ್ಟೆ ನನ್ನದು. ಕಟ್ಟೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಲೇ ಸ್ವಾಮಿ?" ಎಂದು ಅವರು ಕೇಳಿದಾಗ ಮೇಜಿನ ಸುತ್ತ ಕುಳಿತಿದ್ದವರಲ್ಲಿ ಯಾರೂ ನಗಲಿಲ್ಲ. ಅಂಥ ಕಟ್ಟೆಗಳನ್ನು ಬಿಟ್ಟು ಬಂದವರು ಅಲ್ಲಿಯೇ ಇನ್ನಿಬ್ಬರಿದ್ದರು.

ಪರಊರಿಗೆ ದುಡಿಯಲು ಬಂದ ನಮ್ಮವರಿಗೆ ಈ ಪೆಟ್ಟು ಮತ್ತೆ ಮತ್ತೆ ಬೀಳುತ್ತಿರುವುದರಿಂದ ಈ ಸಂಚಿಕೆಯ ಪಾಠಕ್ಕೆ ಇದೇ ವಿಷಯವನ್ನು ಆಯ್ದುಕೊಂಡಿದ್ದೇವೆ. ಮನೆಯ ದುರಸ್ತಿಯ ಖರ್ಚು ಯಾರದು, ಸುಧಾರಣೆಯ ಖರ್ಚು ಯಾರದು, ಸಾಲ ತೆಗೆದು ಮಾಡಿಸುವುದಾದರೆ ಲೆಕ್ಕ ಹೇಗೆ, ಎಂಬ ಮೂರು ಪ್ರಶ್ನೆಗಳನ್ನು ನೋಡೋಣ. ಹೆಚ್ಚಿನ ಮಾತು ಮುಂಬಯಿ ಮತ್ತು ಪುಣೆಯದು. ಮದರಾಸು, ದಿಲ್ಲಿಗಳ ವಿಚಾರವನ್ನೂ ನಡುವೆ ಹೇಳುತ್ತೇವೆ.

ಮೊದಲನೆಯದಾಗಿ ವಾಚಕರು ತಮ್ಮ ಪೆಟ್ಟಿಗೆಯಲ್ಲಿರುವ ಕಾಗದ ಯಾವುದೆಂದು ತೆಗೆದು ನೋಡಬೇಕು. "ನಾನು ಬಾಡಿಗೆಗೆ ಇದ್ದೇನೆ" ಎಂದು ನಾವೆಲ್ಲರೂ ಹೇಳುತ್ತೇವೆ. ಕಾಯಿದೆಯ ಕಣ್ಣಿಗೆ ಅದರಲ್ಲಿ ಎರಡು ಬಗೆಯುಂಟು. ಪರೇಲ, ಗಿರಗಾಂವಗಳ ಚಾಳುಗಳಲ್ಲಿ ತಾತನ ಕಾಲದಿಂದ ಖೋಲಿ ಹಿಡಿದು, ತಿಂಗಳಿಗೆ ಇಷ್ಟೆಂದು ಕೊಟ್ಟು ರಸೀತಿ ಪಡೆಯುವವನು ಬಾಡಿಗೆದಾರ. ಪಾಗಡಿ ಕೊಟ್ಟು ಮಾಲಿಕರ ರಸೀತಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವನೂ ಹಾಗೆಯೇ. ಹನ್ನೊಂದು ತಿಂಗಳ, ಇಲ್ಲವೆ ಎರಡು-ಮೂರು ವರ್ಷದ "ಲೀವ್ ಆಂಡ್ ಲೈಸೆನ್ಸ್" ಕರಾರಿನ ಮೇಲೆ ಇರುವವನು ಬಾಡಿಗೆದಾರನಲ್ಲ, ಲೈಸೆನ್ಸ್‌ದಾರ. ಅಂದರೆ ಮನೆಯಲ್ಲಿ ಇರಲು ಅಪ್ಪಣೆ ಪಡೆದವನು. ಅಪ್ಪಣೆಯ ಅವಧಿ ಮುಗಿದರೆ ಹೊರಡಲೇಬೇಕು. ಹೊರಡದಿದ್ದರೆ ತಿಂಗಳ ಶುಲ್ಕದ ಎರಡರಷ್ಟು ತೆರಬೇಕೆಂದು ಕಾಯಿದೆಯೇ ಹೇಳುತ್ತದೆ. ೧೯೭೩ರ ಫೆಬ್ರವರಿ ೧ರಂದು ಮುಂಬಯಿಯಲ್ಲಿ ಲೈಸೆನ್ಸಿನ ಮೇಲೆ ವಾಸವಾಗಿದ್ದವರನ್ನು ಆಗಿನ ತಿದ್ದುಪಡಿ ಬಾಡಿಗೆದಾರರ ಸಾಲಿಗೆ ಸೇರಿಸಿತು. ಆಮೇಲಿನವರಿಗೆ ಆ ಭಾಗ್ಯವಿಲ್ಲ.

ಈ ಎರಡರ ನಡುವಿನ ಅಂತರವೇ ನಮ್ಮ ಡೊಂಬಿವಿಲಿಯ ಸೋದರರ ೪೨,೦೦೦ ರೂಪಾಯಿಯನ್ನು ನುಂಗಿದ್ದು. ಚಾಳಿನ ಬಾಡಿಗೆದಾರನಿಗೆ ಕಾಯಿದೆ ಕೆಲವು ಹಕ್ಕುಗಳನ್ನು ತಾನಾಗಿ ಕೊಡುತ್ತದೆ. ಲೈಸೆನ್ಸ್‌ದಾರನಿಗೆ ಕರಾರಿನಲ್ಲಿ ಬರೆದದ್ದೇ ಬಹುಮಟ್ಟಿಗೆ ಎಲ್ಲವೂ. ಬರೆಯದೆ ಬಿಟ್ಟದ್ದನ್ನು ಆಮೇಲೆ ಬಾಯಿಮಾತಿನಿಂದ ತುಂಬುವುದು ಕಷ್ಟ.

ಬಾಡಿಗೆದಾರನ ಮಾತನ್ನು ಮೊದಲು ಮುಗಿಸೋಣ. ಮುಂಬಯಿಯಲ್ಲಿ ಬಾಡಿಗೆಗೆ ಕಡಿವಾಣ ಹಾಕುವ ಕಾನೂನು ಮೊದಲ ಮಹಾಯುದ್ಧದ ಕೊನೆಗೆ, ೧೯೧೮ರಲ್ಲಿ, ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ೧೯೪೭ರ ಬಾಡಿಗೆ ಕಾಯಿದೆ ಬಂದು, ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯನ್ನೇ ಗೂಟಕ್ಕೆ ಕಟ್ಟಿತು. ೨೦೦೦ದ ಮಾರ್ಚ್ ೩೧ರಿಂದ ಇಡೀ ಮಹಾರಾಷ್ಟ್ರಕ್ಕೆ ೧೯೯೯ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಗೆ ಬಂದಿದೆ. ಅದರ ೧೪ನೆಯ ಕಲಮನ್ನು ಪ್ರತಿಯೊಬ್ಬ ಚಾಳಿನವಾಸಿಯೂ ತಿಳಿದಿರಬೇಕು. ಬಾಡಿಗೆದಾರನು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮನೆಯನ್ನು ವಾಸಕ್ಕೆ ತಕ್ಕ ಒಳ್ಳೆಯ ಸ್ಥಿತಿಯಲ್ಲಿ ಇಡುವ ಹೊಣೆ ಮಾಲಿಕನದು. ಅವನು ಮಾಡದಿದ್ದರೆ ಬಾಡಿಗೆದಾರರು, ಒಬ್ಬರೇ ಆಗಲಿ ಒಟ್ಟಾಗಿಯೇ ಆಗಲಿ, ೧೫ ದಿನಕ್ಕೆ ಕಡಿಮೆಯಿಲ್ಲದ ಲಿಖಿತ ನೋಟೀಸು ಕೊಡಬೇಕು. ಅದಾದ ಮೇಲೂ ತಕ್ಕ ಕಾಲದಲ್ಲಿ ಕೆಲಸ ನಡೆಯದಿದ್ದರೆ ತಾವೇ ದುರಸ್ತಿ ಮಾಡಿಸಿ ಆ ಹಣವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಖರ್ಚಿನ ಲೆಕ್ಕವನ್ನೂ ರಸೀತಿಗಳನ್ನೂ ಸರಿಯಾಗಿ ಇಟ್ಟಿದ್ದರೆ, ಆ ಲೆಕ್ಕವೇ ಮಾಲಿಕನ ಮೇಲೆ ಬಂಧನಕಾರಿ. ಇದು ಸಣ್ಣ ಮಾತಲ್ಲ.

ಆದರೆ ಬಾಲದಲ್ಲೊಂದು ಮುಳ್ಳಿದೆ. ಒಂದು ವರ್ಷದಲ್ಲಿ ಹೀಗೆ ಮುರಿದುಕೊಳ್ಳುವ ಮೊತ್ತವು ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಮೀರುವಂತಿಲ್ಲ. ಲೆಕ್ಕ ಹಾಕಿ ನೋಡಿ. ಹತ್ತು ಖೋಲಿಗಳ ಒಂದು ಮಾಳಿಗೆ. ತಿಂಗಳಿಗೆ ಒಬ್ಬೊಬ್ಬರದು ೩೦೦ ರೂಪಾಯಿ ಬಾಡಿಗೆ ಎಂದು ಹಿಡಿಯೋಣ. ಸಾಮಾನ್ಯ ಶೌಚಾಲಯದ ಕೊಳವೆ, ನೆಲ, ಬಾಗಿಲು ಎಲ್ಲ ಸೇರಿ ೪೦,೦೦೦ ರೂಪಾಯಿ ಖರ್ಚಾಯಿತು. ತಲೆಗೆ ೪,೦೦೦. ವರ್ಷದ ಬಾಡಿಗೆ ೩,೬೦೦. ಅದರ ಕಾಲುಭಾಗ ೯೦೦. ಅಂದರೆ ವರ್ಷಕ್ಕೆ ೯೦೦ರಂತೆ ನಾಲ್ಕು ವರ್ಷ ಮುರಿದರೂ ಇನ್ನೂ ೪೦೦ ರೂಪಾಯಿ ಉಳಿಯುತ್ತದೆ. ಐದನೆಯ ವರ್ಷಕ್ಕೆ ಲೆಕ್ಕ ತೀರುವಷ್ಟರಲ್ಲಿ ಅದೇ ಕೊಳವೆ ಮತ್ತೆ ಸೋರತೊಡಗಿರುತ್ತದೆ!

ಮಾಲಿಕನನ್ನು ಮಾತ್ರ ಬೈದು ಕುಳಿತುಕೊಳ್ಳುವುದು ನ್ಯಾಯವಲ್ಲವೆಂದು ನಮಗೆ ಅನಿಸುತ್ತದೆ. ಹತ್ತು ಖೋಲಿಗಳಿಂದ ತಿಂಗಳಿಗೆ ೩,೦೦೦ ರೂಪಾಯಿ ಎತ್ತುವವನು ಅದರಲ್ಲಿ ಮನೆಯ ತೆರಿಗೆ ಕಳೆದು ಮಾಡು ಹೊದಿಸುವುದು ಎಲ್ಲಿಂದ? ೧೯೯೯ರ ಕಾಯಿದೆ ವರ್ಷಕ್ಕೆ ನೂರಕ್ಕೆ ೪ರಂತೆ ಬಾಡಿಗೆ ಏರಿಸಲು ಅವನಿಗೆ ಅವಕಾಶ ಕೊಟ್ಟಿದೆ. ೩೦೦ಕ್ಕೆ ನೂರಕ್ಕೆ ನಾಲ್ಕೆಂದರೆ ೧೨ ರೂಪಾಯಿ. ಬಾಡಿಗೆಯ ಕಟ್ಟುಪಾಡು ನಮ್ಮವರ ತಲೆಯ ಮೇಲಿನ ಮಾಡನ್ನು ಉಳಿಸಿತು, ನಿಜ. ಅದೇ ಕಟ್ಟುಪಾಡಿನಿಂದ ಆ ಮಾಡಿನ ಹಂಚು ಉದುರಿದುದೂ ಅಷ್ಟೇ ನಿಜ.

ಈ ಬಿಕ್ಕಟ್ಟಿಗೆ ಸರಕಾರ ಹೂಡಿದ ಉಪಾಯವೇ "ಸೆಸ್". ಮುಂಬಯಿ ದ್ವೀಪನಗರದಲ್ಲಿ, ಎಂದರೆ ಕೊಲಾಬದಿಂದ ಮಾಹಿಮ್ ಮತ್ತು ಸಾಯನ್ನಿನವರೆಗೆ, ಹಳೆಯ ಕಟ್ಟಡಗಳು ಕುಸಿಯತೊಡಗಿದಾಗ ೧೯೬೯ರಲ್ಲಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆ ಬಂದಿತು. ಈಗ ಆ ಕೆಲಸ ಮ್ಹಾಡಾದ ಅಡಿಯಲ್ಲಿದೆ. ೧೯೪೦ರ ಸೆಪ್ಟೆಂಬರ್ ೧ಕ್ಕಿಂತ ಮೊದಲು ಕಟ್ಟಿದವು 'ಎ' ವರ್ಗ. ಅಲ್ಲಿಂದ ೧೯೫೦ರ ಕೊನೆಯವರೆಗಿನವು 'ಬಿ'. ೧೯೫೧ರಿಂದ ೧೯೬೯ರ ಸೆಪ್ಟೆಂಬರ್ ೩೦ರವರೆಗಿನವು 'ಸಿ'. ಇಂಥ ಕಟ್ಟಡದಲ್ಲಿರುವವರು ತೆರಿಗೆಯ ಜೊತೆಗೆ ದುರಸ್ತಿಯ ಸೆಸ್ಸನ್ನು ತೆರುತ್ತಾರೆ. ಕಟ್ಟಡದ ರಚನೆಗೆ ಸಂಬಂಧಿಸಿದ ದೊಡ್ಡ ದುರಸ್ತಿಯನ್ನು ಮಂಡಳಿ ಮಾಡಿಸುತ್ತದೆ. ಚದರ ಮೀಟರಿಗೆ ಇಷ್ಟೆಂಬ ಒಂದು ಮಿತಿಯಿದೆ. ಖರ್ಚು ಆ ಮಿತಿಯನ್ನು ಮೀರಿದರೆ ಮೇಲಿನ ಹಣವನ್ನು ನಿವಾಸಿಗಳೇ ಕೂಡಿಸಿ ಕೊಡಬೇಕಾಗುತ್ತದೆ. ಆದುದರಿಂದ ಚಾಳಿನವರು ತೊಲೆ, ಕಂಬ, ಮೆಟ್ಟಿಲುಗಳಿಗೆ ವಂತಿಗೆ ಎತ್ತುವ ಮುನ್ನ ತಮ್ಮದು ಸೆಸ್ ಕಟ್ಟಡವೇ ಎಂದು ತೆರಿಗೆಯ ಬಿಲ್ಲಿನಲ್ಲಿ ನೋಡಿ, ಮಂಡಳಿಗೆ ಅರ್ಜಿ ಕೊಡಬೇಕು. ಸೆಸ್ ತೆತ್ತವರು ಅದರ ಫಲವನ್ನು ಕೇಳದೆ ಬಿಟ್ಟು, ಮತ್ತೆ ಕೈಯಿಂದ ಹಾಕಿದ ಉದಾಹರಣೆಗಳು ನಮಗೆ ಗೊತ್ತಿವೆ. ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ನಡೆಯುತ್ತಿದ್ದರೆ, ಖೋಲಿಯ ಒಳಗೆ ಬೆಲೆಯ ಹಾಸುಗಲ್ಲು ಹಾಕಿಸುವ ಹುಮ್ಮಸ್ಸನ್ನೂ ತಡೆಹಿಡಿಯುವುದು ಒಳ್ಳೆಯದು.

ಇಲ್ಲಿಯವರೆಗೆ ಹೇಳಿದುದು ದುರಸ್ತಿ. ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು ದುರಸ್ತಿ. ಇಲ್ಲದ್ದನ್ನು ತಂದು ಕೂಡಿಸುವುದು ಸುಧಾರಣೆ. ಸೋರುವ ಮಾಡನ್ನು ಸರಿಪಡಿಸಿದರೆ ಅದು ದುರಸ್ತಿ, ಮಣ್ಣುನೆಲದಂತಿದ್ದ ಶಹಾಬಾದಿ ಫರಸಿಯನ್ನು ಕಿತ್ತು ಹೊಳೆಯುವ ಟೈಲು ಹಾಕಿಸಿದರೆ ಅದು ಸುಧಾರಣೆ. ಸುಧಾರಣೆಗೆ ಮಾಲಿಕನನ್ನು ಒತ್ತಾಯಿಸುವ ಹಕ್ಕು ಬಾಡಿಗೆದಾರನಿಗಿಲ್ಲ. ಮಾಲಿಕನೇ ಹಣ ಹಾಕಿ ಕಟ್ಟಡವನ್ನು ಸುಧಾರಿಸಿದರೆ, ಮತ್ತು ಅದಕ್ಕೆ ನೂರಕ್ಕೆ ಎಪ್ಪತ್ತು ಬಾಡಿಗೆದಾರರು ಬರಹದಲ್ಲಿ ಒಪ್ಪಿದ್ದರೆ, ಅವನು ಬಾಡಿಗೆಯನ್ನು ತಕ್ಕಷ್ಟು ಏರಿಸಬಹುದು. ಆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲು ಎಷ್ಟು ಏರುತ್ತದೆ ಎಂದು ಕೇಳಿ ಬರೆಸಿಕೊಳ್ಳಬೇಕು.

ಬಾಡಿಗೆದಾರನು ತಾನೇ ಏನನ್ನಾದರೂ ಕಟ್ಟಿಸಿಕೊಳ್ಳಬಹುದೇ? ಇದರಲ್ಲಿ ಹಣಕ್ಕಿಂತ ದೊಡ್ಡ ಅಪಾಯವಿದೆ. ಮಾಲಿಕನ ಲಿಖಿತ ಒಪ್ಪಿಗೆಯಿಲ್ಲದೆ "ಶಾಶ್ವತ ರಚನೆ" ಎಬ್ಬಿಸಿದರೆ ಅದೊಂದೇ ಕಾರಣದ ಮೇಲೆ ಕೋರ್ಟು ಮನೆ ಬಿಡಿಸಬಹುದು. ಅದು ೧೬ನೆಯ ಕಲಮು. ಖೋಲಿಯೊಳಗೆ ಇಟ್ಟಿಗೆಯ ಗೋಡೆ ಕಟ್ಟಿ ಎರಡು ಕೋಣೆ ಮಾಡಿದವರು ಇದರಲ್ಲಿ ಸಿಕ್ಕಿಕೊಂಡಾರು. ಆದರೆ ಬಡವರ ಅನುಕೂಲವನ್ನು ಅರಿತವರೇ ಬರೆದಿರಬೇಕು ಎನ್ನುವಂತೆ ಅದೇ ಕಲಮಿನಲ್ಲಿ ಒಂದು ವಿವರಣೆ ಇದೆ: ಮರದ ಅಡ್ಡತಟ್ಟಿ, ನಿಂತು ಅಡಿಗೆ ಮಾಡುವ ಕಟ್ಟೆ, ಬಾಗಿಲು, ಜಾಲಂಧ್ರದ ಕೆಲಸ, ಗಾಳಿಗಾಗಿ ತೆರೆದ ಕಿಟಕಿ, ತೋರಿಕೆಯ ಒಳಚಾವಣಿ, ಗಾಳಿ ತಂಪುಮಾಡುವ ಯಂತ್ರ, ಹೊಗೆ ಹೊರಹೋಗುವ ದಾರಿ ಅಥವಾ ಚಿಮಣಿ, ಇವು ಶಾಶ್ವತ ರಚನೆ ಅಲ್ಲ. ಬೇಕಾದಲ್ಲಿ ನಗರಸಭೆಯ ಅನುಮತಿ ಪಡೆದಿರಬೇಕು, ಅಷ್ಟೆ. ಕುಳಿತು ಒಲೆ ಊದುತ್ತಿದ್ದ ನಮ್ಮ ತಾಯಂದಿರಿಗೆ ನಿಂತು ಅಡಿಗೆ ಮಾಡುವ ಕಟ್ಟೆ ಕಟ್ಟಿಸಿಕೊಟ್ಟದ್ದಕ್ಕಾಗಿ ಯಾರನ್ನೂ ಹೊರಗೆ ಹಾಕುವಂತಿಲ್ಲ ಎಂಬುದು ನೆಮ್ಮದಿಯ ಸಂಗತಿ. ಈ ಪಟ್ಟಿ ಮನೆ ಹೋಗದಂತೆ ಕಾಯುತ್ತದೆಯೇ ಹೊರತು ಕಟ್ಟೆಗೆ ಹಾಕಿದ ಹಣವನ್ನು ಮಾಲಿಕನಿಂದ ಕೊಡಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಎಚ್ಚರ. ನೋಟೀಸು ಕೊಡದೆ, ಲೆಕ್ಕ ಇಡದೆ, ಸಿಟ್ಟಿನಿಂದ ಬಾಡಿಗೆ ನಿಲ್ಲಿಸಿಬಿಡುವವರಿದ್ದಾರೆ. ಹಾಗೆ ಮಾಡಬಾರದು. ಬಾಕಿಯ ನೋಟೀಸು ಬಂದು ೯೦ ದಿನ ಕಳೆದರೆ ಮಾಲಿಕ ದಾವೆ ಹೂಡಬಹುದು. ಆಗ ಸೋರುವ ಮಾಡಿನ ಕಥೆ ಹಿಂದೆ ಬಿದ್ದು ಬಾಡಿಗೆ ಬಾಕಿಯ ಕಥೆ ಮುಂದೆ ಬರುತ್ತದೆ. ಕೊಟ್ಟ ಪ್ರತಿ ಬಾಡಿಗೆಗೆ ಲಿಖಿತ ರಸೀತಿ ಪಡೆಯುವುದು ನಮ್ಮ ಹಕ್ಕು, ಅದನ್ನು ಬಿಡಬಾರದು.

ದಿಲ್ಲಿಯ ಬಂಧುಗಳಿಗೆ ೧೯೫೮ರ ಕಾಯಿದೆಯಲ್ಲಿ ಇದೇ ಬಗೆಯ ಏರ್ಪಾಡುಂಟು. ಅಲ್ಲಿ ಮುರಿದುಕೊಳ್ಳುವ ಮಿತಿ ವರ್ಷದ ಬಾಡಿಗೆಯ ಹನ್ನೆರಡನೆಯ ಒಂದು ಪಾಲು, ಎಂದರೆ ಒಂದು ತಿಂಗಳ ಬಾಡಿಗೆ. ತಿಂಗಳ ಬಾಡಿಗೆ ೩,೫೦೦ ರೂಪಾಯಿ ಮೀರಿದ ಮನೆಗಳಿಗೆ ಆ ಕಾಯಿದೆಯೇ ತಾಗುವುದಿಲ್ಲವಾದ್ದರಿಂದ ಈಚೆಗೆ ದಿಲ್ಲಿಗೆ ಹೋದ ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಕರಾರೇ ಗತಿ. ವಿಶೇಷ ಕಾಯಿದೆ ತಾಗದ, ಕರಾರಿನಲ್ಲಿಯೂ ಏನೂ ಹೇಳದ ಬಾಡಿಗೆಗಳಿಗೆ ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೧೦೮ನೆಯ ಕಲಮು ಆಧಾರ. ಬಾಡಿಗೆದಾರನು ತಾನು ಕೂಡಿಸಿದ್ದನ್ನು ಮನೆ ಬಿಟ್ಟುಕೊಡುವ ಮೊದಲು ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು ಎಂದು ಅದು ಹೇಳುತ್ತದೆ. ದಿನಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದೂ ಅದರಲ್ಲಿದೆ. ಎರಡು ವರ್ಷ ಜನ ವಾಸಿಸಿದ ಮನೆಯ ಗೋಡೆ ಮಾಸದೆ ಇದ್ದೀತೇ?

ತಮಿಳುನಾಡಿನಲ್ಲಿ ೨೦೧೭ರ ಹೊಸ ಕಾಯಿದೆ ೨೦೧೯ರಿಂದ ನಡೆಯುತ್ತಿದೆ. ೨೦೨೧ರಲ್ಲಿ ಕೇಂದ್ರ ಸರಕಾರ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯೂ ಅದೇ ಜಾಡಿನದು. ಇವುಗಳ ಕೊನೆಯ ಪಟ್ಟಿಯಲ್ಲಿ ಕೆಲಸಗಳನ್ನು ಎರಡು ಪಾಲು ಮಾಡಿದ್ದಾರೆ. ಕಟ್ಟಡದ ರಚನೆಯ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಕೊಳವೆ ಬದಲಾಯಿಸುವುದು, ವಿದ್ಯುತ್ ತಂತಿಯ ಕೆಲಸ ಮಾಲಿಕನಿಗೆ. ನಲ್ಲಿಯ ವಾಷರು, ಚರಂಡಿ ಶುಚಿ, ಕೈತೊಳೆಯುವ ಬೋಗುಣಿ, ಸ್ವಿಚ್ಚು, ಬೀಗ, ಹಿಡಿಕೆ, ಕಿಟಕಿಯ ಗಾಜು ಬಾಡಿಗೆದಾರನಿಗೆ. ಮಾದರಿ ಕಾಯಿದೆ ಆಯಾ ರಾಜ್ಯ ತನ್ನದಾಗಿ ಮಾಡಿಕೊಂಡಲ್ಲಿ ಮಾತ್ರ ನಡೆಯುತ್ತದೆ. ಆದರೂ ಈ ಪಟ್ಟಿಯನ್ನು ಮುಂಬಯಿಯವನೂ ತನ್ನ ಕರಾರಿಗೆ ಅಂಟಿಸಿಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಇಬ್ಬರೂ ಒಪ್ಪಿದರೆ ಅದು ಕರಾರೇ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಈಗ ಲೈಸೆನ್ಸ್‌ದಾರನ ಮಾತಿಗೆ ಬರೋಣ. ನಮ್ಮ ಹೆಚ್ಚಿನ ವಾಚಕರು ಈ ಗುಂಪಿನವರು. ಮನೆ ನೋಡಲು ಹೋದ ದಿನವೇ ಕೊರತೆಗಳನ್ನು ಗುರುತಿಸಿ, ಕೀಲಿಕೈ ಪಡೆಯುವ ಮೊದಲೇ ಮಾಡಿಸಿಕೊಡಲು ಕೇಳಬೇಕು. ಡಿಪಾಜಿಟ್ಟು ಮಾಲಿಕರ ಕೈ ಸೇರಿದ ಮೇಲೆ ನಮ್ಮ ಮಾತಿಗೆ ಅರ್ಧ ಬೆಲೆ. ಅವರು ಮಾಡಿಸುವುದಿಲ್ಲ, ನಮಗೆ ಅದಿಲ್ಲದೆ ಆಗದು ಎಂದಾದರೆ, ತಿಂಗಳ ಶುಲ್ಕದಲ್ಲಿ ಮುರಿದುಕೊಳ್ಳುವ ಏರ್ಪಾಡನ್ನು ನೋಂದಾಯಿಸುವ ಕರಾರಿನೊಳಗೇ ಬರೆಸಬೇಕು. ಮಹಾರಾಷ್ಟ್ರದಲ್ಲಿ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ನೋಂದಾಯಿಸುವ ಹೊಣೆ ಮಾಲಿಕನದು. ನೋಂದಾಯಿಸದಿದ್ದಲ್ಲಿ, ಬೇರೆ ರೀತಿ ರುಜುವಾಗದ ಹೊರತು, ಷರತ್ತುಗಳ ಬಗ್ಗೆ ವಾಸವಿರುವವನ ಮಾತೇ ನಿಲ್ಲುತ್ತದೆ.

ನಮ್ಮ ಸೋದರರ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿ ತೋರಿಸುತ್ತೇವೆ. ತಿಂಗಳ ಶುಲ್ಕ ೧೪,೦೦೦. ಖರ್ಚು ೪೨,೦೦೦. ತಿಂಗಳಿಗೆ ೨,೦೦೦ದಂತೆ ಮುರಿದರೆ ೨೧ ತಿಂಗಳಿಗೆ ತೀರುತ್ತದೆ. ಹಾಗಾದರೆ ಹನ್ನೊಂದು ತಿಂಗಳ ಕರಾರಿನ ಮೇಲೆ ಈ ಖರ್ಚಿಗೆ ಕೈ ಹಾಕುವುದೇ ತಪ್ಪು. ಕರಾರು ೨೪ ತಿಂಗಳಿನದ್ದಾದರೂ ಇರಬೇಕು. ಒಂದು ವರ್ಷಕ್ಕೇ ಮಾಲಿಕರು ಮನೆ ಬೇಕೆಂದರೆ? ಆಗ ಮುರಿದದ್ದು ೨೪,೦೦೦, ಉಳಿದದ್ದು ೧೮,೦೦೦. ಆ ೧೮,೦೦೦ವನ್ನು ಡಿಪಾಜಿಟ್ಟಿನ ಜೊತೆಗೆ ಕೊಡತಕ್ಕದ್ದೆಂದು ಒಂದು ಸಾಲು ಬರೆದಿರಬೇಕು. ನಾವೇ ಮುಂಚೆ ಬಿಟ್ಟುಹೋದರೆ ಉಳಿದದ್ದು ಕೇಳುವುದಿಲ್ಲವೆಂದು ಬರೆದುಕೊಟ್ಟರೆ ಮಾಲಿಕರಿಗೂ ಧೈರ್ಯ ಬರುತ್ತದೆ.

ಮಾಲಿಕರು ಪೂರ್ತಿ ಹೊರಲು ಒಪ್ಪದಿದ್ದಾಗ ನಡುದಾರಿಯೊಂದುಂಟು. ಇದು ಕಾಯಿದೆಯಲ್ಲ, ನಮ್ಮ ಸಲಹೆ. ಕಲ್ಲಿನ ಕಟ್ಟೆಯೂ ನೆಲವೂ ಹತ್ತು ವರ್ಷ ಬಾಳುತ್ತವೆಂದು ಹಿಡಿಯಿರಿ. ನಾವು ಎರಡು ವರ್ಷ ಇರುವವರು. ಹತ್ತರಲ್ಲಿ ಎರಡು ಪಾಲು, ಎಂದರೆ ೮,೪೦೦ ರೂಪಾಯಿ ನಮ್ಮದು. ಮಿಕ್ಕ ೩೩,೬೦೦ ಮಾಲಿಕರದು. ಹೀಗೆ ವರ್ಷದ ಲೆಕ್ಕದಿಂದ ಮಾತನಾಡಿದರೆ ಜಗಳಕ್ಕೆ ಎಡೆ ಕಡಿಮೆ. ಮಾಲಿಕರು ಇದಕ್ಕೂ ಒಪ್ಪದಿದ್ದರೆ ಬಿಚ್ಚಿ ಒಯ್ಯಬಹುದಾದುದಕ್ಕೆ ಮಾತ್ರ ಹಣ ಹಾಕಬೇಕು. ನೀರು ಕಾಯಿಸುವ ಗೀಸರು, ಪಂಖೆ, ತಿರುಪಿನಿಂದ ಬಿಗಿದ ಕಪಾಟು, ಕಾಲುಳ್ಳ ಉಕ್ಕಿನ ಅಡಿಗೆಮೇಜು. ಗಾರೆಯಲ್ಲಿ ಹೂತದ್ದು ಗೋಡೆಯ ಪಾಲು.

ಇನ್ನು ಸಾಲದ ವಿಚಾರ. ಕೈಯಲ್ಲಿ ಹಣವಿಲ್ಲದೆ ಕಂತಿನ ಮೇಲೆ ಮಾಡಿಸುವವರು ಬಡ್ಡಿಯ ದರವನ್ನು ಕೇಳುತ್ತಾರೆ, ಬಡ್ಡಿಯ ಬಗೆಯನ್ನು ಕೇಳುವುದಿಲ್ಲ. ಒಂದು ಲಕ್ಷ ರೂಪಾಯಿಯನ್ನು ನೂರಕ್ಕೆ ೧೨ರ ಬಡ್ಡಿಗೆ ಮೂರು ವರ್ಷಕ್ಕೆ ತಂದಿರೆನ್ನಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಕಡೆ ತಿಂಗಳ ಕಂತು ಸುಮಾರು ೩,೩೨೧. ಒಟ್ಟು ಬಡ್ಡಿ ಸುಮಾರು ೧೯,೫೭೦. ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಮೂರು ವರ್ಷವೂ ಬಡ್ಡಿ ಎಣಿಸುವ "ಫ್ಲಾಟ್" ದರದವರ ಬಳಿ ಬಡ್ಡಿ ೩೬,೦೦೦, ಕಂತು ಸುಮಾರು ೩,೭೭೮. ಎರಡು ಕಡೆಯೂ ಬಾಯಲ್ಲಿ ಹೇಳಿದ್ದು ೧೨ ಎಂದೇ. ಎರಡನೆಯದರ ನಿಜವಾದ ದರ ೨೧ಕ್ಕಿಂತ ಹೆಚ್ಚು. ಕಚೇರಿಯ ಸಹಕಾರಿ ಪತ್ತಿನ ಸಂಘದಲ್ಲಿ ಸದಸ್ಯತ್ವ ಇದ್ದವರು ಅಲ್ಲಿ ವಿಚಾರಿಸದೆ ಹೊರಗಿನ ಕಂತಿಗೆ ಹೋಗಬಾರದು. ಬಾಡಿಗೆಯ ಮನೆಗಾಗಿ ಸಾಲ ತೆಗೆಯುವುದನ್ನಂತೂ ನಾವು ಒಪ್ಪುವುದಿಲ್ಲ. ಮನೆ ಬಿಟ್ಟ ಮೇಲೂ ಕಂತು ಬಿಡುವುದಿಲ್ಲ.

ನಮ್ಮವರಲ್ಲಿ ಕೆಲವರು ಈಗ ಸ್ವತಃ ಮಾಲಿಕರು. ನಾಲಾಸೋಪಾರದಲ್ಲೋ ಕಲ್ಯಾಣದಲ್ಲೋ ಒಂದು ಫ್ಲ್ಯಾಟು, ಊರಿನಲ್ಲಿ ಬಾಡಿಗೆಗೆ ಕೊಟ್ಟ ಹಿರಿಯರ ಮನೆ. ಅವರಿಗೆ ಬೇರೆ ಲೆಕ್ಕ. ಒಂದು ಲಕ್ಷ ಖರ್ಚು ಮಾಡಿ ಬಾಡಿಗೆ ತಿಂಗಳಿಗೆ ೧,೫೦೦ ಏರಿತು ಎಂದರೆ ವರ್ಷಕ್ಕೆ ೧೮,೦೦೦. ಮೇಲೆ ಹೇಳಿದ ಮೊದಲ ಬಗೆಯ ಸಾಲದಿಂದ ಮಾಡಿಸಿದ್ದರೆ ಒಟ್ಟು ತೆತ್ತದ್ದು ಸುಮಾರು ೧,೧೯,೫೭೦. ಅದು ಮರಳಿ ಬರಲು ಆರೂವರೆ ವರ್ಷ ದಾಟುತ್ತದೆ. ಕೆಲಸ ನಡೆಯುವಾಗ ಮನೆ ಖಾಲಿ ಬಿದ್ದ ತಿಂಗಳನ್ನೂ ಸೇರಿಸಿ. ಹೀಗಾಗಿ ಅಂದಕ್ಕಿಂತ ಮೊದಲು ಸೋರಿಕೆ, ತಂತಿ, ಕೊಳವೆಗಳಿಗೆ ಹಣ ಹಾಕುವುದು ಜಾಣತನ. ಅವು ಕೆಟ್ಟರೆ ಬಾಡಿಗೆಯವನೂ ನಿಲ್ಲುವುದಿಲ್ಲ. ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ವಾರ್ಷಿಕ ಮೌಲ್ಯದಿಂದ ನೂರಕ್ಕೆ ೩೦ನ್ನು, ಖರ್ಚು ಮಾಡಿದರೂ ಮಾಡದಿದ್ದರೂ, ರಸೀತಿ ಕೇಳದೆ ಕಳೆಯಲು ಬಿಡುತ್ತಾರೆ. ಆ ರಿಯಾಯಿತಿ ಪಡೆಯುವ ಮಾಲಿಕನು ನಲ್ಲಿಯ ಕೊಳವೆಗೆ ದುಡ್ಡಿಲ್ಲ ಎಂದರೆ ಕೇಳಲು ಸೊಗಸಾಗಿರುವುದಿಲ್ಲ.

ಹೌಸಿಂಗ್ ಸೊಸಾಯಿಟಿಯಲ್ಲಿ ಇರುವವರಿಗೆ ಎರಡು ಮಾತು. ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ದುರಸ್ತಿ ನಿಧಿಗೆ ಫ್ಲ್ಯಾಟಿನ ನಿರ್ಮಾಣ ವೆಚ್ಚದ ನೂರಕ್ಕೆ ಕನಿಷ್ಠ ೦.೭೫, ಸಿಂಕಿಂಗ್ ಫಂಡಿಗೆ ಕನಿಷ್ಠ ೦.೨೫ ವರ್ಷವರ್ಷವೂ ಕೂಡಿಸಬೇಕು. ನೆಲದ ಬೆಲೆ ಇದರಲ್ಲಿ ಸೇರದು. ನಿರ್ಮಾಣ ವೆಚ್ಚ ೮ ಲಕ್ಷವಾದರೆ ೬,೦೦೦ ಮತ್ತು ೨,೦೦೦. ಇದನ್ನು ಉಳಿತಾಯವೆಂದು ತಪ್ಪಿಸಿಕೊಂಡ ಸೊಸಾಯಿಟಿಗಳಲ್ಲಿ ಇಪ್ಪತ್ತನೆಯ ವರ್ಷ ತಲೆಗೆ ಲಕ್ಷ ರೂಪಾಯಿಯ ಬೇಡಿಕೆ ಒಮ್ಮೆಗೇ ಬಂದು ಬೀಳುತ್ತದೆ. ಆ ಬೇಡಿಕೆ ಸದಸ್ಯನದು. ಕರಾರಿನಲ್ಲಿ ಒಪ್ಪಿಕೊಂಡಿರದ ಬಾಡಿಗೆಯವನದಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟದ್ದಕ್ಕೆ ಸೊಸಾಯಿಟಿ ಹಾಕುವ ಶುಲ್ಕವೂ ಸೇವಾಶುಲ್ಕದ ನೂರಕ್ಕೆ ಹತ್ತನ್ನು ಮೀರಬಾರದೆಂದು ೨೦೦೧ರಲ್ಲಿ ಸರಕಾರ ಆಜ್ಞೆ ಮಾಡಿದೆ.

ಮಾಲಿಕರಿಗೆ ಬರೆಯುವ ಕಾಗದ ಹೇಗಿರಬೇಕೆಂದು ಹಲವರು ಕೇಳಿದ್ದರಿಂದ ಒಂದು ಮಾದರಿಯನ್ನು ಕೊಡುತ್ತೇವೆ. ಕರಾರಿನಲ್ಲಿ ಬರೆಸಲು ಮರೆತವರು ಕೆಲಸ ಹಿಡಿಯುವ ಮುನ್ನ ಇದನ್ನಾದರೂ ಬರೆದು ರುಜು ಪಡೆಯಲಿ.

"ಮಾನ್ಯರೆ, ತಮ್ಮ ಮನೆಯಲ್ಲಿ ನಾನು ಕರಾರಿನ ಪ್ರಕಾರ ವಾಸವಾಗಿದ್ದೇನೆ. ಈ ಕೆಳಗಿನ ಕೆಲಸಗಳು ಆಗಬೇಕಾಗಿವೆ. (ಕೆಲಸ, ಅಂದಾಜು ಖರ್ಚು.) ತಾವೇ ಮಾಡಿಸಿಕೊಡಬೇಕೆಂದು ಕೋರುತ್ತೇನೆ. ತಮಗೆ ಅನುಕೂಲವಿಲ್ಲವಾದರೆ ನಾನು ಮಾಡಿಸಿ, ರಸೀತಿಗಳನ್ನು ತಮಗೆ ಒಪ್ಪಿಸಿ, ತಿಂಗಳಿಗೆ ರೂ. ...ರಂತೆ ... ತಿಂಗಳು ಮುರಿದುಕೊಳ್ಳಲು ಒಪ್ಪಿಗೆ ಕೊಡಬೇಕು. ಅದಕ್ಕೆ ಮೊದಲೇ ಮನೆ ಬಿಡಬೇಕಾಗಿ ಬಂದರೆ ಉಳಿದ ಮೊತ್ತವನ್ನು ಡಿಪಾಜಿಟ್ಟಿನೊಂದಿಗೆ ಕೊಡತಕ್ಕದ್ದು. ಒಪ್ಪಿಗೆಯಿದ್ದರೆ ಕೆಳಗೆ ರುಜು ಮಾಡಬೇಕಾಗಿ ವಿನಂತಿ."

ಇದರ ಮರಾಠಿ ಮತ್ತು ಹಿಂದಿ ಪ್ರತಿಗಳನ್ನು ವಾಚನಾಲಯದ ಮೇಜಿನ ಮೇಲೆ ಇರಿಸಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಪ್ರತಿಯನ್ನೇ ಒಯ್ಯಬಾರದು.

ನಮ್ಮ ಡೊಂಬಿವಿಲಿಯ ಸೋದರರ ಬಳಿ ಇಂಥ ಕಾಗದ ಇರಲಿಲ್ಲ. ಆದರೆ ಅವರ ಮೊಬೈಲನ್ನು ತೆಗೆಸಿ ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದಾಗ ಮಾಲಿಕರೇ ಕಳಿಸಿದ್ದ ಒಂದು ಸಂದೇಶ ಸಿಕ್ಕಿತು: ಕಲ್ಲು ಕಪ್ಪಿನದೇ ಹಾಕಿಸಿ, ಹಸಿರು ಬೇಡ. ಒಪ್ಪಿಗೆ ಇತ್ತೆಂಬುದಕ್ಕೆ ಅಷ್ಟು ಸಾಕಾಯಿತು. ಚೀಟಿಗಳನ್ನೂ ಆ ಸಂದೇಶವನ್ನೂ ಹಿಡಿದು ಸೊಸಾಯಿಟಿಯ ಕಾರ್ಯದರ್ಶಿಯ ಎದುರು ಕುಳಿತು ಮಾತಾಡಿದರು. ಕೋರ್ಟಿನ ಮಾತೇನೂ ಬರಲಿಲ್ಲ. ಬಣ್ಣದ ೬,೦೦೦ ಬಿಟ್ಟುಕೊಟ್ಟು, ಕಟ್ಟೆಯ ಲೆಕ್ಕಕ್ಕೆ ೧೫,೦೦೦ ಕೊಡಲು ಮಾಲಿಕರು ಒಪ್ಪಿದರು. ಬಚ್ಚಲಿನ ನೆಲಕ್ಕೆ ಏನೂ ಬರಲಿಲ್ಲ. ಕಿಟಕಿಯ ಜಾಲಿಯನ್ನು ಬಿಚ್ಚಿಕೊಂಡು ಸೋದರರು ಹೊಸ ಮನೆಗೆ ಒಯ್ದಿದ್ದಾರೆ. ಅಲ್ಲಿಯ ಕಿಟಕಿಗೆ ಅದು ನಾಲ್ಕು ಇಂಚು ಗಿಡ್ಡವಾಗಿದೆಯಂತೆ.